ಗುಮ್ಮಣ್ಣನ ಕೊಸರು

"ನಾನು ಕೊಳ್ಳುವುದು ಒಂದು, ಹೊತ್ತು ತರುವುದು ಹನ್ನೊಂದು!"

ಅರಮನೆಯ ಉಗ್ರಾಣ ನೋಡಿಕೊಳ್ಳುವ ಗುಮ್ಮಣ್ಣ ಹೀಗೆ ಹೇಳಿ ಮೀಸೆ ತಿರುವುತ್ತಿದ್ದ. ಸುಳ್ಳಲ್ಲ ಬಿಡಿ. ಅಳಿವೆಕೋಟೆಯ ಕಡಲ ದಂಡೆಯಲ್ಲಿ ಹೊನ್ನೆಮರದ ಕೆಳಗೆ ದಿನಾ ಸಂತೆ ನೆರೆಯುತ್ತಿತ್ತು. ಅಲ್ಲಿ ಏನೇ ಕೊಂಡರೂ ಮೇಲಿಷ್ಟು ಕೊಸರು ಹಾಕುವುದು ವಾಡಿಕೆ. ಒಂದು ಪಾಲು ಮೀನಿಗೆ ಎರಡು ಪುಟ್ಟ ಮೀನು, ಸೇರು ಉಪ್ಪಿಗೆ ಒಂದು ಹಿಡಿ ಉಪ್ಪು. ಕೊಡುವವಳಿಗೂ ಖುಷಿ, ಕೊಳ್ಳುವವರಿಗೂ ಖುಷಿ.

ಗುಮ್ಮಣ್ಣನಿಗೆ ಮಾತ್ರ ಅಷ್ಟರಲ್ಲಿ ಹೊಟ್ಟೆ ತುಂಬುತ್ತಿರಲಿಲ್ಲ. ಮಾಘದಲ್ಲಿ ಒಂದು ಕಲ್ಲಂಗಡಿ ಕೊಂಡು ಕೊಸರಿಗೆ ನಾಲ್ಕು ಎತ್ತಿಸಿದ. ವೈಶಾಖದಲ್ಲಿ ಎರಡು ಮಾವಿನಹಣ್ಣು ಕೊಂಡು ಬುಟ್ಟಿಯನ್ನೇ ಹೊರಿಸಿದ. ಕೇಳಿದರೆ, "ಅರಮನೆಗೆ ಕಣೇ! ಬೇಡ ಅನ್ನುತ್ತೀಯಾ?" ಎಂದು ಗದರುತ್ತಿದ್ದ. ಅರಮನೆಗೆ ಹೋದದ್ದೆಷ್ಟೋ, ಅವನ ಮನೆಗೆ ಹೋದದ್ದೆಷ್ಟೋ, ಆ ದೇವರಿಗೇ ಗೊತ್ತು.

ಆಷಾಢ ಬಂತು. ಕಡಲು ಕೆರಳಿತು, ದೋಣಿಗಳು ದಡ ಹತ್ತಿದವು. ಆಗ ಮೀನುಗಾರರ ಮನೆಯಲ್ಲಿ ಒಲೆ ಉರಿಯುವುದು ಬೇಸಿಗೆಯಲ್ಲಿ ಒಣಗಿಸಿಟ್ಟ ಮೀನಿನಿಂದಲೇ. ಸಂತೆಯಲ್ಲಿ ಮೀನು ಮಾರುವ ಮಾಸ್ತಮ್ಮನೂ ಅಂಥದೊಂದು ಕಂತೆ ಕಟ್ಟಿಟ್ಟಿದ್ದಳು. ದಿನಕ್ಕಿಷ್ಟು ಮಾರಿ ಅಕ್ಕಿ ತರಬೇಕು, ಮನೆಯ ಐದು ಹೊಟ್ಟೆ ಮಳೆಗಾಲ ದಾಟಬೇಕು.

ಗುಮ್ಮಣ್ಣ ಕೊಡೆ ಹಿಡಿದು ಬಂದ. ಒಂದು ಹಿಡಿ ಒಣ ಸಿಗಡಿ ಕೊಂಡ.

"ಕೊಸರು?"

ಮಾಸ್ತಮ್ಮ ನಾಲ್ಕು ಸಿಗಡಿ ಹಾಕಿದಳು.

"ಭಿಕ್ಷೆ ಹಾಕುತ್ತೀಯೇನೇ? ಆ ಕಂತೆ ಎತ್ತು!"

ಅವನ ಹಿಂದೆ ಬಂದಿದ್ದ ಆಳುಗಳು ಕಂತೆಯನ್ನು ಎತ್ತಿಕೊಂಡು ನಡೆದೇಬಿಟ್ಟರು. ಅಯ್ಯೋ ಪಾಪ, ಆ ದಿನ ಅವಳ ಮನೆಯಲ್ಲಿ ಗಂಜಿಗೆ ಉಪ್ಪೇ ಗತಿಯಾಯಿತು.

ಆದರೆ ಅಳುತ್ತಾ ಕೂರುವ ಹೆಂಗಸಲ್ಲ ಮಾಸ್ತಮ್ಮ. ನೆಟ್ಟಗೆ ಅರಮನೆಗೆ, ಊರನ್ನಾಳುವ ಚೆನ್ನರಸ ಒಡೆಯನ ಎದುರಿಗೆ ಹೋಗಿ ನಿಂತಳು. ಒಡೆಯ ಆಗಷ್ಟೇ ಊಟ ಮುಗಿಸಿ ತೂಕಡಿಸುತ್ತಿದ್ದ. ಗುಮ್ಮಣ್ಣ ಅವನ ಕಿವಿಯಲ್ಲಿ ಏನೋ ಪಿಸುಗುಟ್ಟಿದ. ಒಡೆಯ ಆಕಳಿಸುತ್ತಲೇ ತೀರ್ಪು ಕೊಟ್ಟ: "ಕೊಸರು ಎಷ್ಟು ಅಂತ ಹೇಳಬೇಕಾದದ್ದು ಕೊಳ್ಳುವವರ ಬಾಯಿ. ಕೊಡಬೇಕಾದದ್ದು ಮಾರುವವರ ಕೈ. ಡಂಗುರ ಹೊಡೆಸಿ."

"ಈ ಅಪ್ಪಣೆ ಮಾರುವವರಿಗೆಲ್ಲ ಒಂದೇನಾ ಒಡೆಯಾ?" ಎಂದು ಮಾಸ್ತಮ್ಮ ಕೇಳಿದಳು.

"ಎಲ್ಲರಿಗೂ ಒಂದೇ! ಚೆನ್ನರಸನ ಮಾತಿಗೆ ಎರಡಿಲ್ಲ."

"ಹಾಗಾದರೆ ಸರಿ," ಎಂದು ಕೈಮುಗಿದು ಹೊರಟಳು. ಸೋತು ಹೋದಳೆಂದು ಗುಮ್ಮಣ್ಣ ನಕ್ಕ. ಡಂಗುರ ಹೊಡೆದರೂ ಊರಿನವರು ಯಾರೂ ಹಾಗೆ ಕೊಸರು ಕೇಳಲಿಲ್ಲ. ಅವರಿಗೆ ಮಾನ ಮರ್ಯಾದೆ ಇತ್ತು ನೋಡಿ.

ಶ್ರಾವಣದ ನೂಲು ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಬಿಟ್ಟರು. ಮರುದಿನ ದೋಣಿಗಳು ನೀರಿಗಿಳಿದವು. ಆ ಊರಲ್ಲೊಂದು ಕಟ್ಟಳೆ: ಅರಮನೆಯ ದೋಣಿ ತಂದ ಮೊದಲ ಬುಟ್ಟಿಯನ್ನು ಒಡೆಯನೇ ಮಣೆ ಹಾಕಿ ಕೂತು ಮಾರಬೇಕು. ಬೋಣಿಯ ಗಿರಾಕಿಯ ಮನಸ್ಸು ನೋಯಿಸಿದರೆ ಮುಗಿಯಿತು, ಕಡಲು ವರ್ಷವಿಡೀ ಕೈ ಬಿಗಿಹಿಡಿಯುತ್ತದೆ ಎಂದು ಬೆಸ್ತರೆಲ್ಲ ನಂಬಿದ್ದರು. ಒಡೆಯನೂ ನಂಬಿದ್ದ.

ಒಡೆಯ ಮಣೆಯ ಮೇಲೆ ಕೂತ. ಹಿಂದೆ ಗುಮ್ಮಣ್ಣ ಕೊಡೆ ಹಿಡಿದು ನಿಂತ. ಮುಂದೆ ಮಾಸ್ತಮ್ಮ ಬಂದು ಕುಕ್ಕರುಗಾಲಲ್ಲಿ ಕೂತಳು.

"ಒಂದು ಬಂಗುಡೆ ಕೊಡಿ ಒಡೆಯಾ."

"ಒಂದೇ? ಆಗಲಿ, ತಗೋ!"

"ಕೊಸರು?"

"ಕೇಳು, ಕೇಳು! ಎಷ್ಟು ಬೇಕು?"

"ಓ ಅಲ್ಲಿ ಕಾಣುತ್ತದಲ್ಲ, ನಿಮ್ಮ ದೋಣಿ. ಅದೊಂದು ಸಾಕು. ಬಲೆ ಅದರಲ್ಲೇ ಇರಲಿ."

ಒಡೆಯನ ಕಣ್ಣು ಕೆಂಪಾಯಿತು. "ಒಂದು ಬಂಗುಡೆಗೆ ದೋಣಿಯಾ? ಇದು ಹಗಲು ದರೋಡೆ!"

"ಹೌದಾ ಒಡೆಯಾ? ಆಷಾಢದಲ್ಲಿ ಒಂದು ಹಿಡಿ ಸಿಗಡಿಗೆ ನನ್ನ ಕಂತೆ ಹೋದಾಗ ಅದರ ಹೆಸರು ಕೊಸರು ಅಂತಿತ್ತು. ಶ್ರಾವಣದಲ್ಲಿ ನಿಮ್ಮ ದೋಣಿ ಹೋಗುವಾಗ ದರೋಡೆ ಆಯಿತಾ? ನಿಮ್ಮ ಮಾತಿಗೆ ಎರಡಿಲ್ಲ ಅಂದಿದ್ದಿರಿ. ಬೇಡವಾದರೆ ಹೇಳಿ, ಬೋಣಿಯ ಗಿರಾಕಿ ಹಾಗೇ ಎದ್ದು ಹೋಗುತ್ತೇನೆ."

"ಕೂತಿರು, ಕೂತಿರು ತಾಯಿ!" ಒಡೆಯ ಗಾಬರಿಯಾದ. "ಗುಮ್ಮಣ್ಣಾ, ಯಾವ ಕಂತೆಯೋ ಅದು? ನಮ್ಮ ಉಗ್ರಾಣಕ್ಕೆ ಬಂದಿತ್ತಾ?"

"ಅದು... ಒಡೆಯರೇ... ದಾರಿಯಲ್ಲಿ ನಮ್ಮ ಮನೆ ಸಿಕ್ಕಿತು... ಮಳೆ ಬೇರೆ..."

ಒಡೆಯನಿಗೆ ಎಲ್ಲ ತಿಳಿಯಿತು. ಆಷಾಢದ ನಿದ್ದೆ ಶ್ರಾವಣದಲ್ಲಿ ಬಿಟ್ಟಿತು ಅನ್ನಿ.

"ಆ ಅಪ್ಪಣೆ ಇಲ್ಲಿಗೆ ರದ್ದು! ಇನ್ನು ಕೊಸರು ಎಷ್ಟು ಅನ್ನುವುದು ಮಾರುವವರ ಮನಸ್ಸು. ಇವನು ಸಂತೆಯಿಂದ ಹೊರಿಸಿದ್ದನ್ನೆಲ್ಲ ಅವರವರಿಗೆ ತುಂಬಿಕೊಡಲಿ. ಮಾಸ್ತಮ್ಮನಿಗೆ ಒಂದಕ್ಕೆ ಎರಡು ಕಂತೆ." ಒಡೆಯನಿಗೆ ಈಗ ನಗು ಬಂತು. "ಆದರೆ ಬೋಣಿಗೆ ಕೊಸರು ತಪ್ಪಬಾರದಲ್ಲ? ದೋಣಿಯ ಬದಲು ಈ ಗುಮ್ಮಣ್ಣನನ್ನೇ ಕೊಟ್ಟೆ. ವರ್ಷವಿಡೀ ನಿನ್ನ ಬುಟ್ಟಿ ಹೊರಲಿ. ತಗೊಂಡು ಹೋಗು!"

ಸಂತೆಯವರು ಹೋ ಎಂದರು. ಮಾಸ್ತಮ್ಮ ಎದ್ದಳು. ಮೀನು ಕೊಳ್ಳುವಾಗ ಕಿವಿರು ಎತ್ತಿ ನೋಡುವ ಹಾಗೆ ಗುಮ್ಮಣ್ಣನ ಕಿವಿ ಹಿಡಿದೆತ್ತಿ ಇಣುಕಿದಳು. ಕಣ್ಣು ನೋಡಿದಳು. ಹೊಟ್ಟೆಯನ್ನು ಬೆರಳಲ್ಲಿ ಒತ್ತಿದಳು. ಆಮೇಲೆ ಮೂಸಿ, ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಬೇಡ ಒಡೆಯಾ, ಇದು ಕೆಟ್ಟು ಬಹಳ ದಿನ ಆಗಿದೆ. ಕೊಸರಿಗೆ ಕೊಟ್ಟರೂ ನಮ್ಮ ಕೇರಿಯಲ್ಲಿ ಯಾರೂ ಮುಟ್ಟುವುದಿಲ್ಲ. ನೀವೇ ಇಟ್ಟುಕೊಳ್ಳಿ. ಇಷ್ಟು ದಿನ ಪಕ್ಕದಲ್ಲೇ ಇಟ್ಟುಕೊಂಡಿದ್ದಿರಿ, ನಿಮಗೆ ವಾಸನೆ ಅಭ್ಯಾಸವಾಗಿದೆ."