ಸಣ್ಣೀರಮ್ಮನ ಕರಟದ ಹೆಪ್ಪು

ಒಂದಾನೊಂದು ಊರು. ಆ ಊರಿಗೊಂದು ಹೆಸರಿತ್ತಂತೆ. ನಮ್ಮತ್ತೆ ಅದನ್ನು ಮರೆತಿದ್ದರು, ಅವರು ಮರೆತದ್ದನ್ನು ನಾನು ಎಲ್ಲಿಂದ ತರಲಿ? ಬಂಡೆಗುಡ್ಡದ ಈಚೆ ಈ ಊರು, ಆಚೆ ದೊರೆಯ ಪೇಟೆ. ಅಷ್ಟು ಗೊತ್ತಿದ್ದರೆ ಸಾಕು. ನಡುನಡುವೆ ಹೂಂ ಅನ್ನುತ್ತಿರಿ. ಹೂಂ ಅನ್ನುವವರಿಲ್ಲದಿದ್ದರೆ ನನ್ನ ಕತೆ ಮುಂದಕ್ಕೆ ಹೋಗುವುದಿಲ್ಲ.

ಆ ಊರಲ್ಲಿ ಸಣ್ಣೀರಮ್ಮ ಅಂತ ಒಬ್ಬಳು ಹೆಣ್ಣುಮಗಳಿದ್ದಳಂತೆ. ಅವಳ ಗಂಡ ಓಬಯ್ಯ. ಓಬಯ್ಯ ಹುಣಸೇಮರ ಹತ್ತಿ ಕಾಯಿ ಬಡಿಯುವಾಗ ಕೊಂಬೆ ಮುರಿದು ಬಿದ್ದು, ಕಾಲು ಊನವಾಗಿ ಜಗಲಿ ಹಿಡಿದಿದ್ದನಂತೆ. ಕೂಲಿಗೆ ಹೋಗುವವನು ಕೂತ ಮೇಲೆ ಒಲೆಯೂ ಕೂತಿತು. ಒಂದು ದಿನ ಉಂಡರೆ ಎರಡು ದಿನ ಇಲ್ಲ. ಅವಳ ಅಣ್ಣ ಇದನ್ನು ನೋಡಲಾರದೆ ತವರಿನಿಂದ ಒಂದು ಕರೆಯುವ ಎಮ್ಮೆ ಹೊಡೆದುಕೊಂಡು ಬಂದು ಅಂಗಳದಲ್ಲಿ ಕಟ್ಟಿ ಹೋದನಂತೆ.

ಆಗಿನ ಕಾಲದಲ್ಲಿ ಹಾಲನ್ನು ಹಾಲಾಗಿ ಮಾರುತ್ತಿರಲಿಲ್ಲ. ಕರುವಿನ ಪಾಲಿನದ್ದನ್ನು ಮಾರಬಾರದು ಅಂತ. ಮೊಸರು ಮಾಡಿ ಮಾರಬಹುದಿತ್ತು. ಸಂಜೆ ಎಮ್ಮೆ ಕರೆದಳು, ಹಾಲು ಕಾಯಿಸಿದಳು, ಉಗುರುಬೆಚ್ಚಗೆ ಆರಿಸಿದಳು. ಆಮೇಲೆ ನೆನಪಾಯಿತಂತೆ, ಮನೆಯಲ್ಲಿ ಹೆಪ್ಪೇ ಇಲ್ಲ! ಹಾಲನ್ನೇ ಕಾಣದ ಮನೆಯಲ್ಲಿ ಹೆಪ್ಪು ಎಲ್ಲಿಂದ ಬರಬೇಕು?

ಓಡಿದಳು ಒಂದನೇ ಮನೆಗೆ. "ದೀಪ ಹಚ್ಚಾಯ್ತು ಕಣೆ, ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಲ್ಲ" ಅಂದರು. ಓಡಿದಳು ಎರಡನೇ ಮನೆಗೆ. "ದೀಪ ಹಚ್ಚಾಯ್ತು ಕಣೆ" ಅಂದರು. ಮೂರು, ನಾಲ್ಕು, ಐದು, ಆರು, ಎಲ್ಲಾ ಮನೆಯಲ್ಲೂ ಅದೇ ಮಾತು. ಅವರನ್ನು ಬೈಯಬೇಡಿ. ದೀಪ ಹಚ್ಚಿದ ಮೇಲೆ ಹೆಪ್ಪು ಹೊರಗೆ ಹೋದರೆ ಲಕ್ಷ್ಮಿಯೂ ಜೊತೆಗೆ ಹೋಗುತ್ತಾಳೆ ಅಂತ ಅವರ ನಂಬಿಕೆ. ನೀವೇನು ಕೊಡುತ್ತೀರಾ?

ಏಳನೇ ಮನೆ ಗೌರಜ್ಜಿಯದು. ಅಜ್ಜಿ ಹಣತೆಗೆ ಎಣ್ಣೆ ಹೊಯ್ದು ಬತ್ತಿ ಹೊಸೆದು, ಇನ್ನೇನು ಹಚ್ಚಬೇಕು ಅನ್ನುವಷ್ಟರಲ್ಲಿ ಇವಳು ಬಾಗಿಲಲ್ಲಿ ನಿಂತಳಂತೆ.

"ಅಜ್ಜೀ, ನಿಂದೂ ದೀಪ ಹಚ್ಚಾಯ್ತಾ?"

ಅಜ್ಜಿ ಇವಳ ಮುಖ ನೋಡಿದಳು, ಕೈಯಲ್ಲಿದ್ದ ಬತ್ತಿ ನೋಡಿದಳು, ಬತ್ತಿಯನ್ನು ಪಕ್ಕಕ್ಕಿಟ್ಟಳು. "ಇಲ್ಲ ಕಣವ್ವ. ದೀಪ ಒಂದು ಗಳಿಗೆ ಕಾಯ್ತದೆ, ನಿನ್ನ ಹಾಲು ಕಾಯಲ್ಲ" ಅಂತ ಒಂದು ತೆಂಗಿನ ಕರಟದಲ್ಲಿ ಎರಡು ಸೌಟು ಹೆಪ್ಪು ಹಾಕಿ ಕೊಟ್ಟಳಂತೆ.

ಸಣ್ಣೀರಮ್ಮನಿಗೆ ಕಣ್ಣಲ್ಲಿ ನೀರು ಬಂತು. "ಇದನ್ನ ಹೆಂಗಜ್ಜಿ ತೀರಿಸ್ಲಿ?"

"ನಂಗೆ ತೀರಿಸ್ಬೇಡ. ನಿನ್ನ ಬಾಗಿಲಿಗೆ ಬಟ್ಟಲು ಹಿಡ್ಕಂಡು ಬಂದೋರ್ನ ಬರಿಗೈಲಿ ಕಳಿಸ್ಬೇಡ. ಇನ್ನೊಂದು ಮಾತು ಕೇಳು. ದಿನಾ ಒಂದು ಸೌಟು ಈ ಕರಟದಾಗೆ ಎತ್ತಿಟ್ಟೇ ಉಳಿದಿದ್ದು ಮಾರು. ಎಷ್ಟೇ ಆಸೆ ಬಂದ್ರೂ ಕರಟ ಖಾಲಿ ಮಾಡ್ಬೇಡ."

ಬೆಳಗ್ಗೆ ಎದ್ದು ಸಣ್ಣೀರಮ್ಮ ಗಡಿಗೆಯ ಮುಂದೆ ಕೂತಳು. ಆಗಿದೆಯೋ ಇಲ್ಲವೋ? ಮುಚ್ಚಳದ ಮೇಲೆ ಕೈಯಿಟ್ಟಳು, ಎತ್ತಿಕೊಂಡಳು, ಮತ್ತೆ ಇಟ್ಟಳು. ಮೆಲ್ಲಗೆ ತೆಗೆದಳಂತೆ. ಗಡಿಗೆ ಅಲ್ಲಾಡಿಸಿದರೂ ಅಲುಗದ ಹಾಗೆ ಬೆಳ್ಳಗೆ ಮೊಸರು ಕೂತಿತ್ತು. ಅವಳಿಗಾದ ಸಂತೋಷ ಹೇಳತೀರದು. ಮದುವೆಯ ದಿನವೂ ಅಷ್ಟು ಸಂತೋಷವಾಗಿರಲಿಲ್ಲವಂತೆ. ಓಬಯ್ಯನಿಗೆ ಮಾತ್ರ ಹೇಳಬೇಡಿ.

ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಗಡಿಗೆ, ಬಂಡೆಗುಡ್ಡ ಹತ್ತಿ ಇಳಿದು ಪೇಟೆಗೆ ಹೋದಳು. "ಮೊಸರಮ್ಮೋ ಮೊಸರು!" ಯಾರೂ ಕೊಳ್ಳಲಿಲ್ಲ. ಹೊಸಬಳು, ಯಾವ ನೀರು ಬೆರೆಸಿದ್ದಾಳೋ ಅಂತ ಮೂಗು ಮುರಿದರು. ವಾಪಸು ತಂದು, ಕಡೆದು, ಮಜ್ಜಿಗೆ ಮಾಡಿ ಹೊಲದಿಂದ ಬರುವವರಿಗೆ ಕುಡಿಸಿದಳು. ಎರಡನೇ ದಿನ ಬಂಡೆಯ ಮೇಲೆ ಕಾಲು ಜಾರಿ ಗಡಿಗೆ ಚೂರಾಯಿತು. ಅಲ್ಲೇ ಕೂತು ಮನಸಾರೆ ಅತ್ತಳು. ಅತ್ತಾದ ಮೇಲೆ ಮೂಗು ಒರೆಸಿಕೊಂಡು, ಕುಂಬಾರಗೇರಿಗೆ ಹೋಗಿ ಒಂದು ಮೊರ ಬೆರಣಿ ಕೊಟ್ಟು ಇನ್ನೊಂದು ಗಡಿಗೆ ತಂದಳಂತೆ.

ಓಬಯ್ಯ ಜಗಲಿಯಿಂದಲೇ ಅಂದ, "ಸಾಕು ಬಿಡೆ, ಇದು ನಮ್ಮಂಥೋರಿಗೆ ಆಗೋ ಕೆಲಸ ಅಲ್ಲ."

"ಕರಟದಾಗೆ ಹೆಪ್ಪೈತೆ. ಅದು ಇರೋಗಂಟ ಆಗೋ ಕೆಲಸವೇ" ಅಂದಳು.

ಮೂರನೇ ದಿನ ಗಾಣದ ಅಜ್ಜನೊಬ್ಬ ಅಂಗೈಗೆ ಒಂದು ಸೌಟು ಹಾಕಿಸಿಕೊಂಡು ನೆಕ್ಕಿ, "ಥೂ, ಹುಳಿ" ಅಂದನಂತೆ. ಬೇರೆ ಯಾರಾದರೂ ಆಗಿದ್ದರೆ ಮುಖ ಊದಿಸಿಕೊಂಡು ಹೋಗುತ್ತಿದ್ದರು, ನಾನಂತೂ ಜಗಳವನ್ನೇ ಮಾಡುತ್ತಿದ್ದೆ. ಇವಳು ಏನಂದಳು ಗೊತ್ತಾ? "ಹೌದಜ್ಜ, ಹುಳಿಯಾಗೈತೆ. ನಿಂಗೆ ಎಂಥದ್ದು ಬೇಕು ಹೇಳು, ನಾಳಿಕ್ಕೆ ತತ್ತೀನಿ." ನಾಳೆ ತಂದಳು. ಅಜ್ಜ ಕೊಂಡ. ಅಜ್ಜ ಕೊಂಡದ್ದು ನೋಡಿ ಕಮ್ಮಾರ ಕೊಂಡ, ಬಳೆಗಾರನ ಹೆಂಡತಿ ಕೊಂಡಳು. ಅಜ್ಜನಿಗೆ ಸಿಹಿಮೊಸರು, ಕಮ್ಮಾರನಿಗೆ ಹುಳಿಮೊಸರು, ಬಳೆಗಾರನ ಮನೆಗೆ ಕೆನೆ ಸಮೇತ. ಯಾವ ಮನೆಗೆ ಯಾವುದು ಅಂತ ಅವಳು ಒಂದು ದಿನವೂ ತಪ್ಪಲಿಲ್ಲವಂತೆ. ಒಂದು ಎಮ್ಮೆ ಎರಡಾಯಿತು, ಎರಡು ನಾಲ್ಕಾಯಿತು. ಓಬಯ್ಯನೂ ಕೂತಲ್ಲೇ ಎಮ್ಮೆ ಕಟ್ಟುವ ಕಣ್ಣಿ ಹೊಸೆಯಲು ಕಲಿತ.

ಅವಳು ಬಟ್ಟಲು ಹಿಡಿದು ಬಂದವರನ್ನು ಯಾವತ್ತೂ ಬರಿಗೈಲಿ ಕಳಿಸಲಿಲ್ಲ. ಊರಲ್ಲಿ ಯಾರ ಮನೆಯಲ್ಲಿ ಹೆಪ್ಪು ಕೆಟ್ಟರೂ ಇವಳ ಬಾಗಿಲಿಗೇ ಬರುತ್ತಿದ್ದರು.

"ಹಿಂಗೆ ಹಂಚಿದ್ರೆ ನಾಳೆ ಅವರೂ ಗಡಿಗೆ ಹೊತ್ಕಂಡು ಪೇಟೆಗೆ ಹೊರಡ್ತಾರೆ ಕಣೆ" ಅಂದ ಓಬಯ್ಯ.

"ಹೊರಡ್ಲಿ ಬಿಡು. ಗುಡ್ಡ ಹತ್ತುವಾಗ ಮಾತಿಗೆ ಜನ ಆಯ್ತದೆ" ಅಂದಳಂತೆ.

ಹೀಗಿರುವಾಗ ದೊರೆಯ ತಾಯಿ ಕಾಯಿಲೆ ಬಿದ್ದರು. ಅವರನ್ನು ಎಲ್ಲರೂ ದೊಡ್ಡಮ್ಮನವರು ಅನ್ನುತ್ತಿದ್ದರು. ಏನು ಕೊಟ್ಟರೂ ಗಂಟಲಲ್ಲಿ ಇಳಿಯದು. ಪಾಯಸ ಬೇಡ, ಗಂಜಿ ಬೇಡ, ಹಣ್ಣು ಬೇಡ. ಕೊನೆಗೆ ಯಾರೋ ಸಣ್ಣೀರಮ್ಮನ ಮೊಸರಲ್ಲಿ ಎರಡು ತುತ್ತು ಅನ್ನ ಕಲಸಿ ಕೊಟ್ಟರೆ, ಅಷ್ಟನ್ನೂ ಉಂಡು, "ನಾಳೆಯೂ ಇದೇ ತನ್ನಿ" ಅಂದರಂತೆ. ದೊರೆಗೆ ಹೋದ ಜೀವ ಬಂದ ಹಾಗಾಯಿತು. ಉಗ್ರಾಣದ ಮಾಚಯ್ಯನನ್ನು ಕರೆದು, "ಆ ಹೆಂಗಸಿಗೆ ಏನು ಬೇಕೋ ಕೊಡು, ಅಮ್ಮನಿಗೆ ಒಂದು ಹೊತ್ತೂ ಈ ಮೊಸರು ತಪ್ಪಬಾರದು" ಅಂದ.

ಮಾಚಯ್ಯ ಅವಳ ಊರಲ್ಲೇ ದೊಡ್ಡ ಮನೆ ಕೊಟ್ಟ, ಹತ್ತು ಎಮ್ಮೆ ಕೊಟ್ಟ. ಕೊಟ್ಟು ಒಂದು ಮಾತು ಹೇಳಿದ. "ಇನ್ನು ಇದು ಅರಮನೆ ಮೊಸರು. ಕಂಡಕಂಡವರ ಮನೇಲೂ ಇದೇ ಮೊಸರು ಇದ್ರೆ ಅರಮನೆಗೆ ಏನು ಮರ್ಯಾದೆ? ಇವತ್ತಿಂದ ಯಾರಿಗೂ ಹೆಪ್ಪು ಕೊಡಕೂಡದು, ಪೇಟೆಗೂ ಹೋಗಕೂಡದು." ನೋಡಿಕೊಳ್ಳಲು ಒಬ್ಬ ಕಾವಲಿನವನನ್ನು ಜಗಲಿಯ ಮೇಲೆ ಕೂರಿಸಿಯೇ ಹೋದ.

ಸಣ್ಣೀರಮ್ಮ ಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ಹತ್ತು ಎಮ್ಮೆ ಸಾಲಾಗಿ ನಿಂತಾಗ ಯಾರ ಬಾಯಲ್ಲಿ ಬೇಡ ಬರುತ್ತೆ ಹೇಳಿ? ಹೂಂ ಅಂದುಬಿಟ್ಟಳು.

ಒಂದು ವಾರವಾಯಿತು. ಗೌರಜ್ಜಿಯ ಬತ್ತಿದ್ದ ಎಮ್ಮೆ ಆಗತಾನೆ ಈದಿತ್ತು. ಅಜ್ಜಿ ಬಟ್ಟಲು ಹಿಡಿದು ಬಂದಳು. "ಒಂದು ಸೌಟು ಹೆಪ್ಪು ಕೊಡವ್ವ, ನನ್ನದು ಒಣಗಿಹೋಗೈತೆ."

ಒಳಗೆ ಗಡಿಗೆ ತುಂಬಾ ಮೊಸರು. ಜಗಲಿಯ ಮೇಲೆ ಕಾವಲಿನವನು. ಸಣ್ಣೀರಮ್ಮ ನೆಲ ನೋಡಿಕೊಂಡು, "ಇಲ್ಲಜ್ಜಿ" ಅಂದಳಂತೆ.

ಅಜ್ಜಿ ಬೈಯಲಿಲ್ಲ, ಶಾಪ ಹಾಕಲಿಲ್ಲ. "ಆಗ್ಲಿ ಕಣವ್ವ" ಅಂತ ಸೆರಗಲ್ಲಿ ಬಟ್ಟಲು ಮುಚ್ಚಿಕೊಂಡು ಹೋದಳು. ಆ ದಿನ ಸಣ್ಣೀರಮ್ಮನಿಗೆ ಅನ್ನ ಸೇರಲಿಲ್ಲ. ಅವತ್ತಿನಿಂದ ಆ ಅಂಗಳಕ್ಕೆ ಒಬ್ಬ ಹೆಂಗಸೂ ಕಾಲಿಡಲಿಲ್ಲ.

ತಿಂಗಳು ಕಳೆಯಿತು. ಮಣ್ಣಿನ ಗಡಿಗೆ ಅರಮನೆಗೆ ಶೋಭೆಯಲ್ಲ ಅಂತ ಮಾಚಯ್ಯ ಏಳು ಹೊಸ ತಾಮ್ರದ ಕೊಡ ಕಳಿಸಿದ. ಬಂಗಾರದ ಹಾಗೆ ಫಳಫಳ! ಸಣ್ಣೀರಮ್ಮ ಹುಟ್ಟಿದಾಗಿನಿಂದ ತಾಮ್ರ ಮುಟ್ಟಿದವಳಲ್ಲ. ಕಲಾಯಿ ಇಲ್ಲದ ತಾಮ್ರಕ್ಕೆ ಹುಳಿ ಸೋಕಬಾರದು ಅಂತ ಊರಲ್ಲಿ ಯಾವ ಹೆಂಗಸಾದರೂ ಹೇಳುತ್ತಿದ್ದಳು. ಹೇಳುವ ಹೆಂಗಸರು ಬರುವುದನ್ನೇ ನಿಲ್ಲಿಸಿದ್ದರಲ್ಲ! ಏಳಕ್ಕೆ ಏಳೂ ಕೊಡಕ್ಕೆ ಹಾಲು ಹೊಯ್ದಳು. ಹೆಪ್ಪು ಸಾಲದೆ, ಕರಟದಲ್ಲಿ ಎತ್ತಿಟ್ಟ ಒಂದು ಸೌಟನ್ನೂ ಬಳಿದು ಹಾಕಿದಳಂತೆ.

ಬೆಳಗ್ಗೆ ಮುಚ್ಚಳ ತೆಗೆದರೆ ಅಂಚಿಗೆಲ್ಲ ಹಸಿರು ಕಿಲುಬು. ಒಂದನೇ ಕೊಡ ಕಿಲುಬು. ಎರಡನೇ ಕೊಡ ಕಿಲುಬು. ಏಳೂ ಕೊಡ ಕಿಲುಬು. ಮನುಷ್ಯರು ತಿಂದರೆ ಬದುಕುವುದಿಲ್ಲ. ನಾಯಿ ಕೂಡ ನೆಕ್ಕಬಾರದು ಅಂತ ಗುಂಡಿ ತೋಡಿ ಸುರಿದು ಮಣ್ಣು ಮುಚ್ಚಿದಳು. ಗಡಿಗೆ ಖಾಲಿ, ಕರಟ ಖಾಲಿ. ಅತ್ತ ದೊಡ್ಡಮ್ಮನವರು ಮಧ್ಯಾಹ್ನದ ತುತ್ತಿಗೆ ಕಾಯುತ್ತಿದ್ದಾರೆ. ಬೇರೇನೂ ಉಣ್ಣದ ಮುದಿಜೀವ. ಈ ಮೊಸರು ಹೋಗದಿದ್ದರೆ ಏನು ಗತಿ?

ಮೊದಲ ದಿನದ ಹಾಗೆ ಮತ್ತೆ ಮನೆಮನೆಗೆ ಹೊರಟಳು, ಈ ಸಲ ಕೈಯಲ್ಲಿ ಖಾಲಿ ಕರಟ. ಯಾವ ಮುಖ ಹೊತ್ತು ಕೇಳಲಿ? ಆದರೂ ನಡೆದಳು. ಕಾವಲಿನವನು ಎದ್ದು ನಿಂತ, ತಲೆ ಕೆರೆದುಕೊಂಡ. "ಕೊಡಬಾರದು ಅಂತ ಅಪ್ಪಣೆ ಆಗೈತೆ. ಇಸ್ಕಬಾರದು ಅಂತ ಆಗಿಲ್ಲವಲ್ಲ" ಅಂತ ಮತ್ತೆ ಕೂತನಂತೆ. ಪುಣ್ಯಾತ್ಮ!

ಒಂದನೇ ಮನೆಗೆ ಹೋಗಿ, "ನನ್ನ ಮೊಸರೆಲ್ಲ ಕೆಟ್ಟೋಯ್ತು ಕಣಕ್ಕ" ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಆ ಮನೆಯವಳು ಒಳಗೆ ಹೋಗಿ ಗಡಿಗೆಯನ್ನೇ ತಂದಳಂತೆ. "ಇದು ನಿಂದೇ ಕಣೆ. ಹೋದ ವರ್ಷ ನೀನು ಕೊಟ್ಟ ಹೆಪ್ಪು. ಒಂದಿನಾನೂ ಕೆಡದಂಗೆ ಕಾಪಾಡ್ಕಂಡೀನಿ." ಎರಡನೇ ಮನೆಯಲ್ಲೂ ಅದೇ. "ನಿಂದೇ ಕಣೆ." ಮೂರು, ನಾಲ್ಕು, ಐದು, ಆರು, ಎಲ್ಲರ ಬಾಯಲ್ಲೂ "ನಿಂದೇ ಕಣೆ." ದೀಪ ಹಚ್ಚಾಯ್ತು ಅಂದಿದ್ದ ಮನೆಗಳೇ ಅವು. ಅವಳ ಮನೆಯ ಹೆಪ್ಪಷ್ಟೇ ಸತ್ತಿತ್ತು, ಊರ ತುಂಬಾ ಅವಳ ಮೊಸರು ಬದುಕಿತ್ತು.

ಏಳನೇ ಮನೆಯ ಮುಂದೆ ಮಾತ್ರ ನಿಂತುಬಿಟ್ಟಳು. ಗೌರಜ್ಜಿಯೇ ಹೊರಗೆ ಬಂದಳು.

"ಅಜ್ಜೀ, ಮನೇಲಿ ಇಟ್ಕಂಡು ನಿಂಗೆ ಇಲ್ಲ ಅಂದೆ" ಅಂತ ಅವಳ ಕಾಲು ಹಿಡಿದಳು.

"ಅಂದೆ. ನಂಗೆ ಬೇಜಾರಾಗಿದ್ದೂ ಹೌದು, ಸುಳ್ಳ್ಯಾಕೆ ಹೇಳ್ಲಿ?" ಅಂದಳು ಅಜ್ಜಿ. "ಪಕ್ಕದ ಮನೆಯೋಳು ಕೊಟ್ಟಳು. ಅವಳಿಗೆ ಕೊಟ್ಟೋಳು ನೀನೇ. ಏಳು, ಕರಟ ಹಿಡಿ, ಅಲ್ಲಿ ಮುದುಕಿ ಹಸ್ಕಂಡವಳೆ."

ಸಣ್ಣೀರಮ್ಮ ಎಲ್ಲರ ಮನೆಯ ಮೊಸರನ್ನೂ ಹಳೇ ಮಣ್ಣಿನ ಗಡಿಗೆಗೆ ತುಂಬಿ, ಸಿಂಬಿ ಇಟ್ಟು, ಅಜ್ಜಿ ಕೊಟ್ಟ ಹೆಪ್ಪಿನ ಕರಟ ಕೈಯಲ್ಲಿ ಹಿಡಿದು, ಗುಡ್ಡ ಹತ್ತಿ ಇಳಿದು, ಮಧ್ಯಾಹ್ನಕ್ಕೆ ಸರಿಯಾಗಿ ಅರಮನೆ ಸೇರಿದಳು. ದೊಡ್ಡಮ್ಮನವರು ಒಂದು ತುತ್ತು ಉಂಡರು, ಎರಡು ಉಂಡರು, ತಟ್ಟೆ ಖಾಲಿ ಮಾಡಿದರು. "ಇವತ್ತಿಂದು ದಿನಾ ಬರೋದಕ್ಕಿಂತ ರುಚಿ. ಏನು ಮಾಡಿದೆಯೇ?" ಅಂದರಂತೆ.

ಸುಮ್ಮನಿದ್ದಿದ್ದರೆ ಹೊಗಳಿಕೆ ಅವಳದಾಗುತ್ತಿತ್ತು. ಕೈ ಮುಗಿದು ಅಂದಳು, "ಇದು ನಾನು ಮಾಡಿದ್ದಲ್ಲ ತಾಯಿ. ನಂದೆಲ್ಲ ಕಿಲುಬಾಗಿ ಮಣ್ಣು ಪಾಲಾಯ್ತು. ಇದು ನಮ್ಮೂರ ಏಳು ಮನೆ ಮೊಸರು. ಅವರು ಕೊಡದಿದ್ರೆ ಇವತ್ತು ನಿಮಗೆ ಉಪಾಸ, ನನಗೆ ಶಿಕ್ಷೆ." ಮಾಚಯ್ಯನ ಕಟ್ಟಳೆ, ಅಜ್ಜಿಯನ್ನು ವಾಪಸು ಕಳಿಸಿದ್ದು, ತಾಮ್ರದ ಕೊಡ, ಒಂದನ್ನೂ ಮುಚ್ಚಿಡಲಿಲ್ಲ.

ದೊರೆ ಮಾಚಯ್ಯನ ಕಡೆ ನೋಡಿದ. ಮಾಚಯ್ಯ ಕಂಬದ ಕಡೆ ನೋಡಿದ.

"ನೀನು ಹೇಳಿದ್ದು ಸರಿ. ಆ ಕಟ್ಟಳೆ ಇವತ್ತಿಗೆ ಮುಗೀತು" ಅಂದ ದೊರೆ. "ಆದರೆ ಒಂದು ಕೇಳ್ತೀನಿ. ಮನೆ ಇದೆ, ಎಮ್ಮೆ ಇವೆ, ಆಳು ಕೊಡ್ತೀನಿ. ಕೂತು ಉಣ್ಣಬಹುದಲ್ಲ? ಇನ್ನೂ ಯಾಕೆ ಗುಡ್ಡ ಹತ್ತಬೇಕು ನೀನು?"

"ಮೊದಲು ಹೊಟ್ಟೆಗೆ ಹತ್ತಿದೆ ಬುದ್ಧಿ. ಆಮೇಲೆ ಅದಕ್ಕಲ್ಲ. ಬೆಳಗ್ಗೆ ಎದ್ದು ಆಗೈತೋ ಇಲ್ವೋ ಅಂತ ಮುಚ್ಚಳ ತೆಗೀತೀನಲ್ಲ, ಆ ಗಳಿಗೆ ಬೇಕು ನಂಗೆ. ಆಮೇಲೆ ಗಾಣದ ಅಜ್ಜ ನೆಕ್ಕಿ ನೋಡಿ ತಲೆ ಆಡಿಸ್ತಾನಲ್ಲ, ಅದು ಬೇಕು. ಕೂತು ಉಂಡ್ರೆ ಎರಡೂ ಸಿಗಲ್ಲ."

ದೊರೆ ನಕ್ಕ. ಏನು ಬೇಕೋ ಕೇಳು ಅಂದ. ಅವಳು ಏನೂ ಕೇಳಲಿಲ್ಲ, ಕರಟದಿಂದ ಒಂದು ಸೌಟು ತೆಗೆದು ದೊಡ್ಡಮ್ಮನವರ ಬಟ್ಟಲಿಗೆ ಹಾಕಿದಳಂತೆ. "ಇದು ಹೆಪ್ಪು ತಾಯಿ. ಅರಮನೇಲೂ ಇರ್ಲಿ. ಬಟ್ಟಲು ಹಿಡ್ಕಂಡು ಬಂದೋರ್ನ ಮಾತ್ರ ಬರಿಗೈಲಿ ಕಳಿಸ್ಬೇಡಿ." ಅವತ್ತಿನಿಂದ ದೊಡ್ಡಮ್ಮನವರು ದಿನಾ ಬೆಳಗ್ಗೆ ಅಡಿಗೆಮನೆಯ ಹಿಂಬಾಗಿಲಲ್ಲಿ ಸೌಟು ಹಿಡಿದು ಕೂರುತ್ತಿದ್ದರಂತೆ. ಬರುವ ಹೆಂಗಸರ ಜೊತೆ ಮಾತಾಡುತ್ತಾ ಆಡುತ್ತಾ ಗಂಜಿಯೂ ಇಳಿಯಿತು, ರೊಟ್ಟಿಯೂ ಇಳಿಯಿತು, ಕಾಯಿಲೆಯೂ ಇಳಿಯಿತು.

ಸಣ್ಣೀರಮ್ಮ ಮತ್ತೆ ಗುಡ್ಡ ಹತ್ತಿದಳು. ಈಗ ಒಬ್ಬಳೇ ಅಲ್ಲ, ಆರು ಮನೆಯ ಹೆಂಗಸರೂ ಅವಳೂ ಸೇರಿ ಏಳು ಜನ ಸಾಲಾಗಿ, ಏಳು ಸಿಂಬಿ, ಎಂಟು ಗಡಿಗೆ, ಗುಡ್ಡದ ತುಂಬಾ ಮಾತು. ಮುಪ್ಪಿನ ಗೌರಜ್ಜಿಗೆ ನಡೆಯಲಾಗದು, ಅವಳ ಗಡಿಗೆಯನ್ನು ಸಣ್ಣೀರಮ್ಮನೇ ತನ್ನ ಗಡಿಗೆಯ ಮೇಲಿಟ್ಟು ಹೊರುತ್ತಿದ್ದಳಂತೆ. ಸಂಜೆ ಗೌರಜ್ಜಿ ದೀಪ ಹಚ್ಚುವ ಮೊದಲು ಬಾಗಿಲಿಗೆ ಬಂದು ಬೀದಿ ನೋಡುವಳು. ಹೆಪ್ಪಿಗೆ ಯಾರಾದರೂ ಬರುತ್ತಿದ್ದಾರಾ ಅಂತ. ಯಾರೂ ಇಲ್ಲದಿದ್ದರೆ ಆಮೇಲೆ ಹಚ್ಚುವಳು.

ನಾನು ಮದುವೆಯಾಗಿ ಬಂದ ವರ್ಷ ನಮ್ಮತ್ತೆ ನನಗೆ ಮೊದಲು ಕೊಟ್ಟದ್ದು ಒಂದು ಕರಟ ಹೆಪ್ಪು. ಅದರ ಜೊತೆಗೆ ಈ ಕತೆ. ಅತ್ತೆ ಹೋಗಿ ಎಷ್ಟೋ ವರ್ಷವಾಯಿತು, ಅವರು ಕೊಟ್ಟ ಹೆಪ್ಪಿನ ಮೊಸರನ್ನು ಇವತ್ತೂ ಉಂಡೆ. ಬೆಳಗ್ಗೆ ಮುಚ್ಚಳ ತೆಗೆದಾಗಲೆಲ್ಲ ಅವರಿಗೊಂದು ಸಲ ಮನಸ್ಸಲ್ಲೇ ಕೈ ಮುಗಿಯುತ್ತೇನೆ. ಅವರ ಗಡಿಗೆ ಅಲ್ಲಿ ಹೆಪ್ಪಾಯಿತು, ನಮ್ಮ ಕತೆ ಇಲ್ಲಿ ಹೆಪ್ಪಾಯಿತು. ಒಂದು ಸೌಟು ಎತ್ತಿಟ್ಟುಕೊಳ್ಳಿ, ಉಳಿದದ್ದು ಹಂಚಿ.