ಬರೆ ಹಾಕಿಸಲು ಬಂದ ತಂದೆ

ಪೂಜ್ಯ ಗುರುಬಸವ್ವ ತಾಯಿಯವರು ಕೃಷ್ಣಾ ತೀರದ ನಮ್ಮ ಪುಟ್ಟ ಮಠದಲ್ಲಿ ನೆಲೆಸಿದ್ದ ಕಾಲವದು. ಮಠವೆಂದರೆ ಎರಡು ಮಣ್ಣಿನ ಖೋಲಿ, ಒಂದು ದಾಸೋಹದ ಒಲೆ, ಅಷ್ಟೇ. ಆ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದವಳು ನಾನು. ಈಗ ಹೇಳಹೊರಟಿರುವುದು ನನಗೆ ಮರ್ಯಾದೆ ತರುವ ಸಂಗತಿಯಲ್ಲ. ಆದರೂ ಹೇಳಲೇಬೇಕು.

ಒಂದು ಸೋಮವಾರ ಬೆಳಿಗ್ಗೆ ಮಗ್ಗದ ಕೆಲಸದ ದುಂಡಪ್ಪ ತನ್ನ ಹನ್ನೊಂದು ವರ್ಷದ ಮಗಳು ಶಾರವ್ವನನ್ನು ಕರೆತಂದ. ವರ್ಷದಿಂದ ಹುಡುಗಿಗೆ ತಡೆಯಲಾಗದ ಸಿಟ್ಟು. ಉಣ್ಣಲು ಕರೆದರೆ ತಾಟು ಎಸೆಯುವಳು, ತಮ್ಮನನ್ನು ರಕ್ತ ಬರುವಂತೆ ಕಚ್ಚುವಳು. ಹಿಂದಿನ ದಿನ ಮಗ್ಗದ ಮೇಲಿದ್ದ ಸೀರೆಯನ್ನೇ ಕತ್ತರಿಸಿ ಹಾಕಿದ್ದಳು. ಸಿಟ್ಟಿಲ್ಲದ ಹೊತ್ತಿನಲ್ಲೂ ಮುಖ ಗಂಟಿಕ್ಕಿಕೊಂಡೇ ಇರುವಳು.

"ಅವ್ವಾರ, ಈಕಿಗೆ ಗಾಳಿ ಬಡದೈತ್ರಿ. ನಿಮ್ಮ ಕೈಲೆ ಒಂದು ಬರಿ ಹಾಕ್ರಿ, ಇಳೀತೈತಿ," ಎಂದ ದುಂಡಪ್ಪ.

ಹಟಮಾರಿ ಮಕ್ಕಳಿಗೆ ಕಾದ ಕಬ್ಬಿಣದಿಂದ ಬರೆ ಎಳೆಯುವ ರೂಢಿ ನಮ್ಮ ಕಡೆ ಇತ್ತು. ಅದು ತಪ್ಪೆಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ. ತಾಯಿಯವರ ಅಪ್ಪಣೆಗೂ ಕಾಯದೆ ಕುಡುಗೋಲಿನ ತುದಿಯನ್ನು ಕೆಂಡಕ್ಕಿಟ್ಟೆ. ಸೇವೆ ಮಾಡುತ್ತಿದ್ದೇನೆಂಬ ಹಮ್ಮು ಬೇರೆ! ಕೆಂಪಗೆ ಕಾದದ್ದನ್ನು ತಂದು ಅವರ ಮುಂದೆ ಹಿಡಿದೆ.

ತಾಯಿಯವರು ತಮ್ಮ ಉದ್ದ ತೋಳಿನ ಕುಪ್ಪಸವನ್ನು ಮೇಲಕ್ಕೆ ಸರಿಸಿ ಎಡಗೈ ಚಾಚಿದರು. ಮೊಣಕೈಯಿಂದ ಭುಜದವರೆಗೆ ಹಳೆಯ ಬರೆಗಳು, ಒಂದರ ಮೇಲೊಂದು. ಹದಿನೆಂಟು ವರ್ಷ ಅವರ ಪಾದದ ಬಳಿ ಇದ್ದವಳು ನಾನು, ಒಂದನ್ನೂ ಕಂಡಿರಲಿಲ್ಲ. ಕುಡುಗೋಲು ಕೈಜಾರಿ ಬಿತ್ತು.

"ನಾನೂ ಹಿಂಗ ಇದ್ದೆ, ಯಪ್ಪಾ," ಎಂದರು ತಾಯಿಯವರು. "ನಮ್ಮವ್ವ ಒಂಬತ್ತು ಸಲ ಬರಿ ಹಾಕಿಸಿದಳು. ಸಿಟ್ಟು ಹೋಗಲಿಲ್ಲ. ಅವ್ವನ ಮುಂದ ಅಳೂದು ಬಿಟ್ಟೆ, ಅಷ್ಟ. ಇದು ಹಟ ಅಲ್ಲ, ಬ್ಯಾನಿ. ಏನ ಆಗತೈತಿ ಅಂತ ಕೂಸಿಗೆ ಯಾವತ್ತರ ಕೇಳೀಯೇನು?"

ದುಂಡಪ್ಪ ಮಗಳ ಮುಂದೆ ಕುಕ್ಕರಗಾಲಲ್ಲಿ ಕುಳಿತು, "ಏನ ಆಗತೈತೆವ್ವಾ ನಿನಗ?" ಎಂದು ಕೇಳಿದ.

ಹುಡುಗಿ ನೆಲ ನೋಡುತ್ತಲೇ ಹೇಳಿದಳು. "ಸಿಟ್ಟು ಬರೂದು ಗೊತ್ತಾಗತೈತಪ್ಪಾ. ತಡಿಯಾಕ ಆಗಂಗಿಲ್ಲ. ಆಮ್ಯಾಲ ನಂದ ನನಗ ಅಂಜಿಕಿ ಬರತೈತಿ, ತಮ್ಮನ್ನ ಕೊಂದಗಿಂದ ಬಿಟ್ಟೇನು ಅಂತ. ಬರಿ ಹಾಕಿದ್ರರ ಹೋಗತೈತೇನೋ ಅಂತ ನಿನ್ನ ಕೂಡ ಬಂದೆ."

ಶಿವಶಿವಾ, ಆ ಕೂಸು ಬೆಂಕಿಗೆ ತಾನಾಗಿಯೇ ಒಪ್ಪಿ ಬಂದಿತ್ತು. ದುಂಡಪ್ಪ ಗೋಳೋ ಎಂದು ಅತ್ತುಬಿಟ್ಟ. ತಾಯಿಯವರ ಅಪ್ಪಣೆಯಂತೆ ಅಂದೇ ಮಗಳನ್ನು ದೊಡ್ಡಾಸ್ಪತ್ರೆಯ ಮನೋವೈದ್ಯರ ಬಳಿಗೆ ಕರೆದೊಯ್ದ. ಬಸ್ ನಿಲ್ಲುವ ಜಾಗದವರೆಗೂ ಆ ಹನ್ನೊಂದು ವರ್ಷದ ಹುಡುಗಿಯನ್ನು ಕಂಕುಳಲ್ಲಿ ಎತ್ತಿಕೊಂಡೇ ನಡೆದ.