ಕಿಟಕಿ ಪಕ್ಕದ ಮೇಜು

ಗುರುಗಳೆಲ್ಲ ನದೀತೀರದಲ್ಲೇ ಕೂತಿರಬೇಕು ಅಂತ ಯಾವ ಕಾನೂನೂ ಇಲ್ಲ. ಈ ಗುರು ಕೂರುತ್ತಿದ್ದದ್ದು ಒಂದು ವಿಶ್ವವಿದ್ಯಾಲಯದ ಜೀವರಸಾಯನ ವಿಭಾಗದಲ್ಲಿ. ಹೆಸರು ನಂಜುಂಡಾರಾಧ್ಯ. ಅವರ ಹಿರಿಯ ಶಿಷ್ಯ ಧನ್ಯಕುಮಾರ, ಕಿರಿಯ ಶಿಷ್ಯೆ ಐರಿನ್.

ಮೂವರೂ ಹುಡುಕುತ್ತಿದ್ದದ್ದು ಒಂದು ಗುರುತನ್ನು.

ನಮ್ಮ ಮೈಯ ಜೀವಕೋಶಗಳು ನೈಟ್ರಿಕ್ ಆಕ್ಸೈಡ್ ಅನ್ನೋ ಅನಿಲದ ಮೂಲಕ ಒಂದಕ್ಕೊಂದು ಸುದ್ದಿ ಮುಟ್ಟಿಸುತ್ತವೆ. ಅನಿಲ ನೋಡನೋಡುತ್ತಲೇ ಮಾಯ. ಆದರೆ ಹೋಗುವಾಗ ಕೆಲವು ಪ್ರೋಟೀನುಗಳ ಮೇಲೆ ಗುರುತು ಬಿಟ್ಟು ಹೋಗುತ್ತದೆ. ಪರೀಕ್ಷೆಯಲ್ಲಿ ವಿಟಮಿನ್ ಸಿ ಹಾಕಿ ಆ ಗುರುತನ್ನು ಬಿಡಿಸಿ, ಆ ಜಾಗಕ್ಕೆ ಚೀಟಿಯಂಥ ಒಂದು ವಸ್ತು ಅಂಟಿಸುತ್ತಾರೆ. ಗುರುತಿದ್ದರೆ ಕೊನೆಗೆ ಫಿಲ್ಮಿನ ಮೇಲೆ ಒಂದು ಕಪ್ಪು ಗೆರೆ ಬರುತ್ತದೆ. ಲ್ಯಾಬಿನವರು ಅದಕ್ಕೆ ಬ್ಯಾಂಡ್ ಅಂತಾರೆ. ಅದು ಬಂದರೆ ಡಾಕ್ಟರೇಟು, ಬರದಿದ್ದರೆ ಮನೆಯ ದಾರಿ.

ಧನ್ಯನಿಗೆ ಪ್ರತಿ ಸಲವೂ ಬರುತ್ತಿತ್ತು. ಐರಿನ್‌ಗೆ ಒಂದು ಸಲವೂ ಬಂದಿರಲಿಲ್ಲ.

"ಅಡುಗೆಗೆ ಹೇಗೋ ಇದಕ್ಕೂ ಹಾಗೇ. ಕೈಗುಣ ಬೇಕು," ಅಂದ ಧನ್ಯ.

ಐರಿನ್ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದಳು. ಯಾಕೆ ಅಂತ ಅವನು ಕೇಳಲಿಲ್ಲ.

ಸೋಮವಾರ ಧನ್ಯ ಗುರುಗಳ ಕೋಣೆಗೆ ಬಂದ.

"ಸರ್, ನನ್ನ ಪ್ರಬಂಧ ರೆಡಿ ಇದೆ. ಶುಕ್ರವಾರ ಸಂಜೆಯೊಳಗೆ ವಿಜ್ಞಾನ ಪತ್ರಿಕೆಗೆ ಕಳಿಸಬೇಕು. ಇದು ಹೋಗದಿದ್ರೆ ನನ್ನ ಥೀಸಿಸ್ ಅಲ್ಲಿಗೇ ನಿಂತ್ಹೋಗುತ್ತೆ."

"ಐರಿನ್ ಫಿಲ್ಮುಗಳು?"

"ಅವನ್ನು ಸೇರಿಸೋದು ಬೇಡ ಸರ್. ಅವಳ ಕೈ ಸರಿಯಿಲ್ಲ."

"ಕೈ ಸರಿಯಿಲ್ಲದವಳನ್ನು ಲ್ಯಾಬಲ್ಲಿ ಇಟ್ಕೊಂಡು ಏನು ಮಾಡೋಣ?"

"ಅದು ನಿಮಗೆ ಬಿಟ್ಟಿದ್ದು ಸರ್."

ಎಷ್ಟು ಸಲೀಸಾಗಿ ಹೇಳಿಬಿಟ್ಟ ನೋಡಿ. ಒಂದು ಹುಡುಗಿಯ ಬದುಕು ಅದು.

ಗುರುಗಳು ಕೋಪ ಮಾಡಿಕೊಳ್ಳಲಿಲ್ಲ. "ನಾಳೆ ಇಬ್ಬರೂ ಒಂದು ಕೆಲಸ ಮಾಡಿ. ನೀನು ಅವಳ ಜಾಗದಲ್ಲಿ ಕೂತ್ಕೋ, ಅವಳು ನಿನ್ನ ಜಾಗದಲ್ಲಿ ಕೂರಲಿ. ಪರೀಕ್ಷೆಗೆ ಮಾದರಿಯ ಕೊಳವೆ ನಾನು ಕೊಡ್ತೀನಿ," ಅಂದರು.

ಆ ಲ್ಯಾಬಿನಲ್ಲಿ ಕಿಟಕಿ ಪಕ್ಕದ ಮೇಜು ಯಾವಾಗಲೂ ಹಿರಿಯ ಶಿಷ್ಯನದು. ಕಿರಿಯರಿಗೆ ಫ್ರಿಜ್ಜಿನ ಹಿಂದಿನ ಮೂಲೆ. ಧನ್ಯ ಮುಖ ಗಂಟಿಕ್ಕಿಕೊಂಡೇ ಮೂಲೆಯಲ್ಲಿ ಕೂತ. ಅಲ್ಲಿ ಹಗಲಲ್ಲೂ ಕಣ್ಣು ಕಿರಿದು ಮಾಡಿ ನೋಡಬೇಕಿತ್ತು.

ಶುಕ್ರವಾರ ಬೆಳಿಗ್ಗೆ ಫಿಲ್ಮುಗಳು ಬಂದವು.

ಐರಿನ್‌ಳ ಫಿಲ್ಮಿನಲ್ಲಿ ದಪ್ಪನೆಯ ಬ್ಯಾಂಡ್. ಧನ್ಯನದು ಖಾಲಿ.

ಧನ್ಯನ ಮುಖ ಇಷ್ಟಗಲವಾಗಿದ್ದದ್ದು ಇಷ್ಟೇ ಆಯಿತು. ಆದರೆ ಅವನೇನು ಸಾಮಾನ್ಯನಲ್ಲ, ಬೇಗ ಸುಧಾರಿಸಿಕೊಂಡ.

"ನನ್ನದು ಹಾಳಾಗಿರಲಿ ಬಿಡಿ ಸರ್. ಐರಿನ್‌ಗೂ ಬಂತಲ್ಲ. ಅಂದಮೇಲೆ ಈ ಬ್ಯಾಂಡ್ ನಿಜ. ಪ್ರಬಂಧ ಕಳಿಸಬಹುದು."

ಐರಿನ್ ನಕ್ಕಳು. ಆ ಲ್ಯಾಬಿನಲ್ಲಿ ಅವಳು ನಕ್ಕಿದ್ದು ಅದೇ ಮೊದಲು.

ಗುರುಗಳು ನಗಲಿಲ್ಲ.

"ನಿಮ್ಮಿಬ್ಬರಿಗೂ ಕೊಟ್ಟದ್ದು ಒಂದೇ ಮಾದರಿ," ಅಂದರು. "ಅದರಲ್ಲಿದ್ದ ಗುರುತನ್ನೆಲ್ಲ ನಾನು ಮೊದಲೇ ತೆಗೆದುಹಾಕಿದ್ದೆ."

ಐರಿನ್‌ಳ ನಗು ನಿಂತುಹೋಯಿತು.

"ಗುರುತೇ ಇಲ್ಲದಿದ್ದ ಮೇಲೆ ಬ್ಯಾಂಡ್ ಹೇಗೆ ಬರುತ್ತೆ ಸರ್?" ಧನ್ಯ ಕೇಳಿದ.

"ನೀನೇ ಹೇಳು."

ಧನ್ಯ ಮೂಲೆಯಿಂದ ಕಿಟಕಿಗೆ, ಕಿಟಕಿಯಿಂದ ಮೂಲೆಗೆ ಓಡಾಡಿದ. ಎರಡು ಕಡೆಯೂ ಅದೇ ಬಾಟಲಿ, ಅದೇ ನೀರು, ಅದೇ ಯಂತ್ರ. ಕೊನೆಗೆ ಕಿಟಕಿಯ ಹತ್ತಿರ ನಿಂತುಬಿಟ್ಟ. ಆ ಮೇಜಿನ ಮೇಲೆ ನೇರ ಬಿಸಿಲು ಎಂದೂ ಬೀಳುತ್ತಿರಲಿಲ್ಲ. ಬೀಳುತ್ತಿದ್ದದ್ದು ಬರೀ ಬೆಳಕು.

"ಬೆಳಕು," ಅಂದ. "ಗುರುತು ಬಿಡಿಸೋಕೆ ಅಂತ ವಿಟಮಿನ್ ಸಿ ಹಾಕ್ತೀವಲ್ಲ ಸರ್. ಅದಕ್ಕೆ ಹಗಲಿನ ಬೆಳಕು ಸೇರಿದರೆ, ಗುರುತಿಲ್ಲದ ಕಡೆಯೂ ಚೀಟಿ ಅಂಟಿ ಬ್ಯಾಂಡ್ ಬರುತ್ತೆ. ಇಷ್ಟು ವರ್ಷ ನಾನು ನೋಡಿದ್ದು ಅದನ್ನೇ."

ಸ್ಟೂಲ್ ಎಳೆದು ಕೂತ.

"ಅಂದ್ರೆ ನನ್ನ ಖಾಲಿ ಫಿಲ್ಮುಗಳು ಸರಿ ಇದ್ವಾ ಸರ್?" ಐರಿನ್ ಕೇಳಿದಳು.

"ಸರಿ ಇದ್ವಮ್ಮ."

"ತಪ್ಪಾಯ್ತು ಐರಿನ್," ಅಂದ ಧನ್ಯ. ಅವಳ ಮುಖ ನೋಡುವ ಧೈರ್ಯ ಅವನಿಗಿರಲಿಲ್ಲ. ಅವಳು ತನ್ನ ಖಾಲಿ ಫಿಲ್ಮುಗಳನ್ನು ಒಂದೊಂದಾಗಿ ಜೋಡಿಸತೊಡಗಿದಳು.

ಧನ್ಯ ತಟ್ಟನೆ ತಲೆ ಎತ್ತಿದ. ಏನೋ ಹೊಳೆದು ಅವನ ಮುಖ ಬಿಳಿಚಿಕೊಂಡಿತ್ತು.

"ಸರ್, ನಿಮಗೆ ಹೆಸರು ತಂದ ಪ್ರಬಂಧ ಇದೆಯಲ್ಲ. ಆ ಕೆಲಸ ಎಲ್ಲಿ ಕೂತು ಮಾಡಿದ್ರಿ?"

"ಇಲ್ಲೇ. ಇದೇ ಮೇಜು, ಇದೇ ಬ್ಯಾಂಡ್."

ಧನ್ಯ ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದ.

"ನಾನು ನನ್ನದನ್ನು ಕಳಿಸಲ್ಲ ಸರ್. ಬೇರೆ ಥೀಸಿಸ್ ಬರೀತೀನಿ. ಕಿಟಕಿಗೆ ಇವತ್ತೇ ಒಂದು ಪರದೆ ಹಾಕಿಬಿಡ್ತೀನಿ. ಇದು ನಮ್ಮ ಮೂವರಲ್ಲೇ ಇರಲಿ. ರಿಟೈರ್ ಆಗೋ ಹೊತ್ತಲ್ಲಿ ನಿಮಗೆ ಯಾಕೆ ಈ ಅವಮಾನ?"

ಅವನು ಮನಸಾರೆ ಹೇಳಿದ್ದ. ಗುರುವಿನ ಮೇಲೆ ಅವನಿಗೆ ಅಷ್ಟು ಪ್ರೀತಿ.

ಗುರುಗಳು ಫಿಲ್ಮನ್ನು ಕೈಗೆತ್ತಿಕೊಂಡು ನೋಡಿದರು. ಅವರಿಗೆ ಭಯವಾಗಿತ್ತು, ಅದನ್ನು ಮುಚ್ಚಿಡಲೂ ಹೋಗಲಿಲ್ಲ. ಆಮೇಲೆ ಫಿಲ್ಮನ್ನು ಕೆಳಗಿಟ್ಟು, ಕಂಪ್ಯೂಟರ್ ಮುಂದಿದ್ದ ಕುರ್ಚಿಯನ್ನು ಶಿಷ್ಯನ ಕಡೆ ತಳ್ಳಿದರು.

"ನನ್ನ ಪ್ರಬಂಧ ನಂಬಿಕೊಂಡು, ಯಾವ್ಯಾವ ಊರಲ್ಲಿ ಎಷ್ಟು ಮಕ್ಕಳು ಬ್ಯಾಂಡ್ ಬರಲಿಲ್ಲ ಅಂತ ಬೈಸಿಕೊಳ್ತಾ ಕೂತಿದ್ದಾರೋ," ಅಂದರು. "ಕೂತ್ಕೋ. ಅದು ತಪ್ಪು ಅಂತ ಪತ್ರಿಕೆಗೆ ಬರಿ, ಕೆಳಗೆ ನನ್ನ ಹೆಸರು ಹಾಕು."